ಹಾರದಂಥ ಸಂಖ್ಯೆ: ನೃಪತುಂಗನ ಕಾಲದ ಒಂದು ಲೆಕ್ಕ

12345654321. ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷದ 54 ಸಾವಿರದ 321. ಇಂಥ ಸಂಖ್ಯೆ ವಾಟ್ಸಾಪಿನಲ್ಲಿ ಬಂದರೆ 'ಅದೃಷ್ಟದ ಸಂಖ್ಯೆ, ಹತ್ತು ಜನಕ್ಕೆ ಕಳಿಸಿ' ಎಂಬ ಸಾಲೂ ಜೊತೆಗಿರುತ್ತದೆ. ಅದೃಷ್ಟದ ಮಾತು ಬಿಡೋಣ. ಈ ಸಂಖ್ಯೆಗೆ ಕನ್ನಡ ನಾಡಿನಲ್ಲೇ ಒಂದು ಚರಿತ್ರೆ ಇದೆ.

ಸುಮಾರು ಕ್ರಿ.ಶ. 850ರಲ್ಲಿ ಜೈನ ಪಂಡಿತ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಭಾಷೆ ಸಂಸ್ಕೃತ. ಅದರಲ್ಲಿ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ.

ಗುಣಾಕಾರ ಕಲಿಸುವಾಗ ಆಚಾರ್ಯರು ಬೇಕೆಂದೇ ಚೆಂದದ ಉತ್ತರ ಬರುವ ಲೆಕ್ಕಗಳನ್ನು ಕೊಡುತ್ತಾರೆ. ಎರಡೂ ಕಡೆಯಿಂದ ಒಂದೇ ಆಗಿರುವ ಇಂಥ ಉತ್ತರಗಳನ್ನು ಕೊರಳ ಹಾರಕ್ಕೆ ಹೋಲಿಸುತ್ತಾರೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಇನ್ನು 27994681ನ್ನು 441ರಿಂದ ಗುಣಿಸಿದರೆ ನಮ್ಮ 12345654321.

ಇದರ ಗುಟ್ಟೇನು? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಹಾರ 111111ರ ವರ್ಗ. ಶಾಲೆಯಲ್ಲಿ ಮಾಡಿದ ಹಾಗೆ 111111ನ್ನು ಆರು ಸಾಲು ಬರೆದು, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಕೂಡಿ ನೋಡಿ. ನಡುವಿನ ಸ್ಥಾನದಲ್ಲಿ ಆರು ಒಂದುಗಳು ಸೇರುತ್ತವೆ, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತದೆ. ಎಲ್ಲೂ ಹತ್ತು ಮುಟ್ಟದ ಕಾರಣ ದಶಕ ಹೋಗುವುದಿಲ್ಲ, ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ. ಹತ್ತು ಒಂದುಗಳ ವರ್ಗ 1234567900987654321. ದಶಕ ಬಂತು, ಹಾರ ಹರಿಯಿತು.

ಆಚಾರ್ಯರು ಹೇಳಿದ್ದೆಲ್ಲ ಸರಿಯೇ? ಇಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಅವರು ಬರೆದರು. ಅದು ತಪ್ಪು. ಹಳೆಯದು ಎಂದ ಮಾತ್ರಕ್ಕೆ ಒಪ್ಪಬೇಕಿಲ್ಲ, ನಮ್ಮದು ಎಂದ ಮಾತ್ರಕ್ಕೆ ಮುಚ್ಚಿಡಲೂ ಬೇಕಿಲ್ಲ.

12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಮಹಾವೀರಾಚಾರ್ಯರ ಗ್ರಂಥ ಓಲೆಗರಿಗಳಲ್ಲಿ ಉಳಿದು ಬಂತು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು.

ರೇಷ್ಮೆಗೂಡಿನ ತೂಕ, ದರವನ್ನು ನಿಂತಲ್ಲೇ ಲೆಕ್ಕ ಹಾಕುವವರು ನಮ್ಮ ಕೋಡಿಹಳ್ಳಿ ಕಡೆ ಬೇಕಾದಷ್ಟು ಜನರಿದ್ದಾರೆ. ಅವರ ಮನೆ ಮಕ್ಕಳೇ 'ಗಣಿತ ನಮಗೆ ಬರಲ್ಲ' ಎನ್ನುವುದನ್ನು ನಾವು ಕೇಳುತ್ತಲೇ ಇರುತ್ತೇವೆ. ಇವತ್ತು ಆ ಮಕ್ಕಳ ಕೈಗೆ ಫೋನಲ್ಲ, ಹಾಳೆ ಪೆನ್ಸಿಲು ಕೊಡಿ. ಮೊದಲು 11ರ ವರ್ಗ, ಆಮೇಲೆ 111ರದು, 1111ರದು. ಮುಂದಿನ ಉತ್ತರವನ್ನು ಅವರೇ ಊಹಿಸಲಿ, ಆಮೇಲೆ ಮಾಡಿ ನೋಡಲಿ.