ಬಂಡಿಯ ಎಣ್ಣೆಗೆ ಯಾರು ಹೊಣೆ

ರಾಯಚೂರಿನಲ್ಲಿ ಸಂಜೆಯಾದರೆ ಮಿರ್ಚಿ, ಗೋಬಿ ಬಂಡಿಗಳ ಮುಂದೆ ಜನ ಮುತ್ತುವುದಕ್ಕೆ ನಾಲಗೆಯ ಚಪಲವೊಂದೇ ಕಾರಣ ಎಂಬುದನ್ನು ಈ ಸೀಮೆಯ ಚರಿತ್ರೆ ಒಪ್ಪುವುದಿಲ್ಲ. ತುಂಗಭದ್ರಾ ಎಡದಂಡೆ ನಾಲೆ ಬರುವ ಮೊದಲು ಮಾನ್ವಿಯ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಜೊತೆಗೆ ಕುಸುಬಿ ಬೆಳೆಯುತ್ತಿತ್ತು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ದಿನದ ಊಟ. ಗಾಣದ ಎಣ್ಣೆ ತುಟ್ಟಿ, ಹಾಗಾಗಿ ಬಾಣಲೆ ತುಂಬ ಎಣ್ಣೆ ಕಾಯುತ್ತಿದ್ದದ್ದು ಹಬ್ಬಕ್ಕೆ, ಜಾತ್ರೆಗೆ. ನಾಲೆ ನೀರಿನಿಂದ ಮಾನ್ವಿ ಭತ್ತದ ನಾಡಾಯಿತು; ನಾರಾಯಣಪುರ ಬಲದಂಡೆ ನಾಲೆ ಹರಿದ ಮೇಲೆ ದೇವದುರ್ಗವೂ ಅದೇ ದಾರಿ ಹಿಡಿಯಿತು. ರೇಷನ್ ಅಂಗಡಿಯಲ್ಲೂ ಅಕ್ಕಿಯೇ ಸಿಕ್ಕಿತು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದನ್ನು ಮುಕ್ತಗೊಳಿಸಿತು. ಅಗ್ಗದ ಎಣ್ಣೆ ಸಿಕ್ಕಿದ್ದರಿಂದ ಕರಿದ ತಿಂಡಿ ದಿನನಿತ್ಯದ್ದಾಗುವುದು ಸುಲಭವಾಯಿತು. ಈ ಯಾವ ತೀರ್ಮಾನವನ್ನೂ ತಿನ್ನುವವರು ಮಾಡಿದ್ದಲ್ಲ.

ಮಂಡಾಳ ಒಗ್ಗರಣಿ, ಮಿರ್ಚಿ ಹಿಂದೆಯೂ ಇದ್ದವಲ್ಲ ಎನ್ನಬಹುದು. ಇದ್ದವು, ನಿಜ. ಆದರೆ ಮಂಡಾಳ ಬಲು ಹಗುರ; ಭಾರವೆಲ್ಲ ಮಿರ್ಚಿಯ ಕಡಲೆಹಿಟ್ಟು ಹೀರಿದ ಎಣ್ಣೆಯದು. ಅದರ ಒಂದೊಂದು ಗ್ರಾಂಗೂ 9 ಕ್ಯಾಲೊರಿ. ಅಪರೂಪಕ್ಕೆ ತಿಂದಾಗ ದಕ್ಕುತ್ತಿದ್ದದ್ದು ದಿನಾ ತಿಂದರೆ ದಕ್ಕುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಬಾಯಿಗೆ ಹಾಕಿಕೊಳ್ಳುವವರು ನಾವೇ ಅಲ್ಲವೇ? 2002ರಲ್ಲಿ ನ್ಯೂಯಾರ್ಕಿನ ಇಬ್ಬರು ಹುಡುಗಿಯರ ಪರವಾಗಿ ಮೆಕ್‌ಡೊನಾಲ್ಡ್ಸ್ ಮೇಲೆ ಹೂಡಿದ್ದ ದಾವೆಯನ್ನು ನ್ಯಾಯಾಧೀಶ ರಾಬರ್ಟ್ ಸ್ವೀಟ್ ಮರುವರ್ಷ ಮೊದಲ ಸುತ್ತಿನಲ್ಲಿ ವಜಾ ಮಾಡಿದ್ದು ಈ ನೆಲೆಯಲ್ಲೇ: ಗೊತ್ತಿದ್ದೂ ಮಿತಿಮೀರಿ ತಿಂದವರನ್ನು ಕಾನೂನು ಕಾಯಲಾಗದು. ಮಾತು ಸರಿ, ಆದರೆ ಅದು ನಿಂತಿರುವುದು 'ಗೊತ್ತಿದ್ದೂ' ಎಂಬುದರ ಮೇಲೆ. ಬಂಡಿಯ ಎಣ್ಣೆ ಎಷ್ಟು ಸಲ ಕಾದಿದೆ ಎಂದು ಗಿರಾಕಿಗೆ ತಿಳಿಯುವುದು ಹೇಗೆ? ಐದು ರೂಪಾಯಿಯ ಕುರುಕಲು ತಿಂಡಿ ಪೊಟ್ಟಣದ ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರವನ್ನು ದೇವದುರ್ಗದ ಶಾಲೆಯ ಮಗು ಓದಿ ಕೊಳ್ಳಬೇಕೇ?

ಹಾಗಂತ ಎಲ್ಲ ತಪ್ಪನ್ನೂ ಬಂಡಿಯವನ ತಲೆಗೆ ಕಟ್ಟುವುದೂ ಅನ್ಯಾಯ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು, ಅಂಥ ಬಣ್ಣಕ್ಕೆ ನಿಷೇಧವೂ ಬಂತು. ಅದು ಬೇಕಾಗಿದ್ದ ಕ್ರಮ. ಆದರೆ ಬಣ್ಣ ಬಂಡಿಯಲ್ಲಿ ಹುಟ್ಟಿದ್ದಲ್ಲ. ಅದನ್ನು ತಯಾರಿಸಿದವರು, ಪೊಟ್ಟಣ ಕಟ್ಟಿದವರು, ಸಗಟಿಗೆ ಮಾರಿದವರು ಇದ್ದಾರೆ. ಮೂಲದಲ್ಲೇ ಹಿಡಿಯಬಹುದು ಎಂಬುದಕ್ಕೆ ಟ್ರಾನ್ಸ್ ಕೊಬ್ಬು ಸಾಕ್ಷಿ: ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ 2 ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಅದನ್ನು ಪಾಲಿಸಬೇಕಾದವರು ಕಾರ್ಖಾನೆಯವರು. ಮಾನ್ವಿಯ ಗಿರಾಕಿಗೆ ಯಾರೂ ಸಂಯಮದ ಉಪದೇಶ ಮಾಡಬೇಕಾಗಲಿಲ್ಲ.