ಕಾಲೇಜ್ ವೈ-ಫೈ ಲ್ಯಾಪ್‌ಟಾಪಿಗೆ ಸಿಗ್ತಿಲ್ವಾ? ಅಂಗಡಿಗೆ ಕೊಡೋ ಮುಂಚೆ ಇಷ್ಟು ನೋಡಿ

ಹುಣಸೂರು: ಮೈಸೂರು ವಿವಿ ವ್ಯಾಪ್ತಿಯ ಡಿಗ್ರಿ ಕಾಲೇಜುಗಳಲ್ಲಿ ಅಡ್ಮಿಷನ್, ಪರೀಕ್ಷಾ ಶುಲ್ಕ ಎಲ್ಲಾ ಈಗ ಯುಯುಸಿಎಂಎಸ್ ಪೋರ್ಟಲ್‌ನಲ್ಲೇ. ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿಯಲ್ಲಿ. ಕೊನೇ ದಿನ ಕಾಲೇಜ್ ವೈ-ಫೈ ಕೈಕೊಟ್ಟರೆ ದಂಡ ಕಟ್ಟಬೇಕು, ಇಲ್ಲಾಂದ್ರೆ ಅರ್ಜಿಯೇ ಹೋಯ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಂದ ಬಸ್ ಹತ್ತಿ ಬರೋ ಮಕ್ಕಳು, ಅವರಿಗೆ ನೆರವಾಗೋ ಸೈಬರ್ ಅಂಗಡಿಯವರು ಇದನ್ನ ಇಟ್ಕೊಳ್ಳಿ. ಕ್ರಮ ವಿಂಡೋಸ್ 10, 11ಕ್ಕೆ.

1. ದೋಷ ಎಲ್ಲಿದೆ?
ಮೊದಲು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಜೋಡಿಸಿ. ನೆಟ್ ಬಂದ್ರೆ ಲ್ಯಾಪ್‌ಟಾಪಿನ ವೈ-ಫೈ ಕಾರ್ಡ್ ಸರಿಯಿದೆ, ರಿಪೇರಿಗೆ ದುಡ್ಡು ಕೊಡೋದು ಬೇಡ.

2. ವೈ-ಫೈ ಹೆಸರೇ ಕಾಣಿಸ್ತಿಲ್ಲ
ಏರೋಪ್ಲೇನ್ ಮೋಡ್ ಆಫ್ ಇದೆಯಾ ನೋಡಿ. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಅಂಚಲ್ಲಿ ವೈ-ಫೈ ಸ್ವಿಚ್ ಇರುತ್ತೆ. ಹಳೇ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದಾದ್ರೆ 5 ಗಿಗಾಹರ್ಟ್ಸ್ ಹೆಸರು ಕಾಣೋದೇ ಇಲ್ಲ. 5ರ ಸಿಗ್ನಲ್ ಗೋಡೆ ದಾಟೋದೂ ಕಷ್ಟ, ರೂಟರ್ ಹತ್ತಿರ ಹೋಗಿ ನೋಡಿ.

3. ಕನೆಕ್ಟ್ ಆಗಿದೆ, ನೆಟ್ ಇಲ್ಲ
ಹೆಚ್ಚಿನ ತಕರಾರು ಇದೇ. ಲಾಗಿನ್ ಪುಟ ತೆರೆದಿರಲ್ಲ. ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಲಾಗಿನ್ ಪುಟ ಬರಬಹುದು. ವಿಪಿಎನ್ ಇದ್ದರೆ ಆಫ್ ಮಾಡಿ. ದಿನಾಂಕ, ಟೈಮ್ ತಪ್ಪಿದ್ರೂ ಪುಟ ತೆರೆಯಲ್ಲ. ತಿಂಗಳುಗಟ್ಟಲೆ ಮೂಲೇಲಿಟ್ಟ ಲ್ಯಾಪ್‌ಟಾಪಲ್ಲಿ ಇದು ಮಾಮೂಲು.

4. ಪಾಸ್‌ವರ್ಡ್ ಸರಿ, ಆದ್ರೂ ಹತ್ತಲ್ಲ
ವೈ-ಫೈ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫರ್ಗೆಟ್' ಒತ್ತಿ, ಮತ್ತೆ ಜೋಡಿಸಿ. ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ ನೋಂದಾಯಿಸಿಕೊಂಡು ಬಿಡೋ ಕಾಲೇಜಾದ್ರೆ, ಸೆಟ್ಟಿಂಗ್ಸ್‌ನಲ್ಲಿ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್' ಆಫ್ ಇರಲಿ. ಇಲ್ಲಾಂದ್ರೆ ನಿಮ್ಮ ಲ್ಯಾಪ್‌ಟಾಪನ್ನ ಬೇರೆಯವರದು ಅಂದ್ಕೊಳ್ಳುತ್ತೆ.

5. ವಿಳಾಸ ಸಿಕ್ಕಿದೆಯಾ?
ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್' ಕೊಡಿ. ಐಪಿವಿ4 ಮುಂದೆ 169.254 ಅಂತ ಶುರುವಾಗೋ ಸಂಖ್ಯೆ ಬಂದ್ರೆ ರೂಟರ್ ನಿಮಗೆ ವಿಳಾಸ ಕೊಟ್ಟಿಲ್ಲ. ಒಂದು ಸಾಮಾನ್ಯ ನೆಟ್‌ವರ್ಕ್ ವಿಭಾಗದಲ್ಲಿ ಇರೋದು 254 ವಿಳಾಸ, ರೂಟರ್‌ಗೂ ಅದರಲ್ಲೇ ಒಂದು. ಊಟದ ಬಿಡುವಲ್ಲಿ ಎಲ್ಲರ ಮೊಬೈಲೂ ಹತ್ತಿದ್ರೆ ಖಾಲಿ. ಬೆಳಗ್ಗೆ ಬೇಗ ಪ್ರಯತ್ನಿಸಿ.

6. ಕೊನೇ ದಾರಿ
ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ರೀಸೆಟ್' ಇದೆ. ಸೇವ್ ಆದ ವೈ-ಫೈ ಪಾಸ್‌ವರ್ಡೆಲ್ಲ ಅಳಿಸುತ್ತೆ, ಬರೆದಿಟ್ಕೊಳ್ಳಿ. ನಿಮ್ಮ ಫೈಲ್‌ಗೆ ಏನೂ ಆಗಲ್ಲ. ಅಂಗಡಿಯವರೂ ಇದನ್ನ ಮಾಡದೆ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ, ಪ್ರಾಜೆಕ್ಟ್, ಫೋಟೋ ಎಲ್ಲಾ ಹೋಗುತ್ತೆ.

ಹಾಟ್‌ಸ್ಪಾಟಲ್ಲಿ ಬಂದು ಕಾಲೇಜ್ ವೈ-ಫೈಲಿ ಮಾತ್ರ ಬಾರದಿದ್ರೆ, ಪಕ್ಕದ ಇಬ್ಬರ ಲ್ಯಾಪ್‌ಟಾಪ್ ನೋಡಿ. ಅವರಿಗೂ ಇಲ್ಲಾಂದ್ರೆ ದೋಷ ಕಾಲೇಜಿಂದು. ಜಾಗ, ಟೈಮ್, ಸ್ಕ್ರೀನಲ್ಲಿ ಬಂದ ಸಂದೇಶ ಬರೆದು ಕಂಪ್ಯೂಟರ್ ಲ್ಯಾಬ್‌ನವರಿಗೆ ಕೊಡಿ. ಫೀಸ್ ಕಟ್ಟೋ ಕೊನೇ ದಿನ ಆದ್ರೆ ಕಾಯಬೇಡಿ, ಹಾಟ್‌ಸ್ಪಾಟಲ್ಲೇ ಕಟ್ಟಿ ರಸೀದಿ ಸೇವ್ ಮಾಡ್ಕೊಳ್ಳಿ.