ಮುಳಬಾಗಿಲು ಬೆಟ್ಟದ ಕಾಳಗ, 1768

ಮೊದಲ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್ 4ರಂದು, ಮೈಸೂರನ್ನು ಆಳುತ್ತಿದ್ದ ಹೈದರ್ ಅಲಿಯ ಪಡೆಯೂ ಕರ್ನಲ್ ವುಡ್‌ನ ಈಸ್ಟ್ ಇಂಡಿಯಾ ಕಂಪನಿ ಸೇನೆಯೂ ಕೋಲಾರ ಸೀಮೆಯ ಮುಳಬಾಗಿಲಿನ ಬಂಡೆಗಳ ನಡುವೆ ಸೆಣಸಿದವು. ಕಂಪನಿಯವರು ಸೋಲುವ ಹೊತ್ತಿಗೆ ಅವರ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಸಿ ಗುಂಡು ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕಂಪನಿಯ ಇನ್ನೊಬ್ಬ ಸೇನಾನಿ ಕರ್ನಲ್ ಸ್ಮಿತ್‌ನ ದೊಡ್ಡ ದಂಡೇ ಬಂತೆಂದು ಎರಡೂ ಕಡೆಯವರು ನಂಬಿದರು. ಕೂಗೇ ಫಿರಂಗಿಗಿಂತ ಹೆಚ್ಚು ಕೆಲಸ ಮಾಡಿತು ಎನ್ನಬೇಕು.

ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್, ಪಾಳೆಯಗಾರರು ಕಳಿಸುವ ದಂಡನ್ನಷ್ಟೇ ನೆಚ್ಚದೆ ಸಂಬಳದ ಸೈನ್ಯ ಕಟ್ಟಿದ. ಅದಕ್ಕೆ ಫ್ರೆಂಚರಿಂದ ಕವಾಯತು ಕಲಿಸಿದ. ಸಂಬಳಕ್ಕೆ ಹಣ ಬೇಕು, ಹಣಕ್ಕೆ ಕಟ್ಟುನಿಟ್ಟಿನ ಕಂದಾಯ ಬೇಕು. ಹೀಗೆ ಮೈಸೂರಿನ ಆಡಳಿತ ಬಿಗಿಯಾದದ್ದು ಯುದ್ಧದ ಖರ್ಚಿನಿಂದಲೇ.

ಕೋಲಾರ ಸೀಮೆಯೊಂದಿಗೆ ಹೈದರನ ನಂಟು ಹುಟ್ಟಿಗೇ ಮುಗಿಯಲಿಲ್ಲ. ಅವನ ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರದ ಮಕ್ಬರಾದಲ್ಲಿದೆ. 1782ರಲ್ಲಿ ತೀರಿಕೊಂಡ ಹೈದರನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಇರಿಸಿದ್ದೂ ಕೋಲಾರದಲ್ಲೇ.